ಹಾಲು ಎಣಿಸಿದ ಆ ಎರಡು ತಿಂಗಳು

2011ರ ಮಾರ್ಚ್ 11ಕ್ಕೆ ಜಪಾನಲ್ಲಿ ಸುನಾಮಿ ಬಂದಾಗ ನಾನು ಅಮೆರಿಕದ ಪಶ್ಚಿಮ ಕರಾವಳಿಯ ಒಂದು ರಾಜ್ಯದ ಸರ್ಕಾರಿ ಲ್ಯಾಬಲ್ಲಿ ಗಾಮಾ ಕೌಂಟಿಂಗ್ ಮಾಡ್ತಿದ್ದೆ, ಅಂದ್ರೆ ಸ್ಯಾಂಪಲ್‌ನಿಂದ ಹೊರಡೋ ಗಾಮಾ ಕಿರಣ ಎಣಿಸಿ ಅದರಲ್ಲಿ ಯಾವ ವಿಕಿರಣ ವಸ್ತು ಎಷ್ಟಿದೆ ಅಂತ ನೋಡೋದು. ಮಾಮೂಲಿ ದಿನಗಳಲ್ಲಿ ಇದರಷ್ಟು ಬೋರ್ ಕೆಲಸ ಇನ್ನೊಂದಿಲ್ಲ ಕಣ್ರೀ. ಹಾಲು, ಬಾವಿ ನೀರು, ಏರ್ ಫಿಲ್ಟರ್, ಒಂದೊಂದನ್ನೇ ಡಿಟೆಕ್ಟರ್ ಮೇಲಿಟ್ಟು ಸೀಸದ ಮುಚ್ಚಳ ಎಳೆದು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಬಂದು 'ಏನೂ ಇಲ್ಲ' ಅಂತ ಬರೆಯೋದು, ವರ್ಷಗಟ್ಲೆ ಅದೇ.

12ಕ್ಕೆ ಅಲ್ಲಿನ ಫುಕುಶಿಮಾ ಅಣುಸ್ಥಾವರದ ಒಂದನೇ ಯುನಿಟ್, 14ಕ್ಕೆ ಮೂರನೇದು ಸಿಡಿದ ಮೇಲೆ ನಮ್ಮ ಕಡೆ ಮೆಡಿಕಲ್ ಶಾಪ್‌ಗಳಲ್ಲಿ ವಿಕಿರಣದ ಅಯೋಡಿನ್ ಥೈರಾಯ್ಡ್ ಸೇರದಂತೆ ತಡೆಯೋ ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ ಖಾಲಿ, ಲ್ಯಾಬ್ ಫೋನ್ ಬಿಡುವಿಲ್ಲದೆ ಬಾರಿಸ್ತಾನೇ ಇತ್ತು. ಆದ್ರೆ ಗಾಳಿ ಪೆಸಿಫಿಕ್ ದಾಟಿ ಬರೋಕೆ ಕೆಲವು ದಿನ ಬೇಕಲ್ಲ, ಆ ದಿನಗಳಲ್ಲಿ ನಾವು ಮಾಡಿದ ಒಳ್ಳೇ ಕೆಲಸ ಅಂದ್ರೆ ಖಾಲಿ ಫಿಲ್ಟರ್, ಖಾಲಿ ಡಬ್ಬ, ಹಳೇ ಹಾಲು ಎಲ್ಲಾನೂ ಎಣಿಸಿ ಇಟ್ಕೊಂಡಿದ್ದು. ಜಪಾನಿನ ವಿಕಿರಣದ ಮಾಲು ಬಂದ್ಮೇಲೆ ಮೊದಲು ಹೇಗಿತ್ತು ಅಂತ ನೋಡೋಕೆ ಆಗಲ್ಲ.

18ರ ಆಸುಪಾಸಿನ ಫಿಲ್ಟರ್‌ನಲ್ಲಿ ನಾನು ಎಡವಿದೆ. ಬಂದ ತಕ್ಷಣ ಆತುರಕ್ಕೆ ಎಣಿಸೋಕೆ ಇಟ್ಟೆ, 350ರಿಂದ 365 ಕೆಇವಿ (ಗಾಮಾ ಕಿರಣದ ಶಕ್ತಿಯ ಅಳತೆ) ಮಧ್ಯೆ ಏನೋ ಗುಡ್ಡದ ಥರ ಎದ್ದಿತ್ತು, ಎದೆ ಧಸಕ್ ಅಂತು. ಒಂದೊಂದು ವಿಕಿರಣ ವಸ್ತುವಿಗೂ ತನ್ನದೇ ಶಕ್ತಿಯಲ್ಲಿ ಗೆರೆ ಏಳುತ್ತೆ. ರಿಯಾಕ್ಟರಿಂದ ಬರೋ ಅಯೋಡಿನ್-131ರ ಗೆರೆ 364ರಲ್ಲಿ, ಆದ್ರೆ ಗಾಳಿಯಲ್ಲಿ ಯಾವಾಗಲೂ ಇರೋ ರೇಡಾನ್ ಅನಿಲದಿಂದ ಹುಟ್ಟೋ ಸೀಸ-214 ಪಕ್ಕದಲ್ಲೇ 352ರಲ್ಲಿ ಕೂತಿರುತ್ತೆ. ಸೀನಿಯರ್ ಒಬ್ಬರು ನೋಡಿ 'ಸಾಯಂಕಾಲದವರೆಗೆ ಸುಮ್ನಿರು' ಅಂದ್ರು ಅಷ್ಟೇ. ಸೀಸ-214ರ ಅರ್ಧಾಯುಷ್ಯ, ಅಂದ್ರೆ ಅರ್ಧ ಕರಗೋಕೆ ಹಿಡಿಯೋ ಸಮಯ, 27 ನಿಮಿಷ, ಐದಾರು ಗಂಟೆಗೆ ತಾನಾಗೇ ಹೋಗುತ್ತೆ. ಸಂಜೆ ಮತ್ತೆ ಇಟ್ಟಾಗ 352 ಕುಸಿದಿತ್ತು, 364 ಅಲ್ಲಾಡದೆ ಸಣ್ಣಗೆ ನೆಟ್ಟಗೆ ನಿಂತಿತ್ತು.

ಅಷ್ಟಕ್ಕೇ ಜಪಾನ್ ಅನ್ನೋಕೆ ಬರಲ್ಲ. ಥೈರಾಯ್ಡ್ ಪೇಷೆಂಟ್‌ಗಳಿಗೆ ಕೊಡೋದೂ ಇದೇ ಅಯೋಡಿನ್-131, ಊರಿನ ಒಳಚರಂಡಿ ನೀರಲ್ಲಿ ಅದು ಆಗಾಗ ಸಿಗ್ತಾನೇ ಇರುತ್ತೆ. ರಿಯಾಕ್ಟರಿಂದ ಬರೋ ಇನ್ನೊಂದು ವಸ್ತು ಸೀಸಿಯಂ-137 ಸಿಕ್ಕಿದ್ರೂ ಸಾಕ್ಷಿ ಅಲ್ಲ, 1950-60ರ ಬಾಂಬ್ ಪರೀಕ್ಷೆಗಳ ಉಳಿಕೆ ಇವತ್ತಿಗೂ ಮಣ್ಣಲ್ಲಿದೆ. ಗುಟ್ಟು ಬಿಟ್ಟುಕೊಡೋದು ಸೀಸಿಯಂ-134. ಅದರ ಅರ್ಧಾಯುಷ್ಯ ಎರಡು ವರ್ಷ ಚಿಲ್ಲರೆ, 1986ರ ಚೆರ್ನೋಬಿಲ್ ಅಣು ದುರಂತದ್ದು ಅಷ್ಟೊತ್ತಿಗೆ ಹೆಚ್ಚುಕಮ್ಮಿ ಸತ್ತೇ ಹೋಗಿತ್ತು, ಹಾಗಾಗಿ ಅದು ಕಂಡ್ರೆ ಹೊಸ ರಿಯಾಕ್ಟರ್ ಮಾಲು ಅಂತಾನೇ ಅರ್ಥ. ಮುಂದಿನ ಫಿಲ್ಟರ್‌ಗಳಲ್ಲಿ 605 ಮತ್ತು 796ರಲ್ಲಿ ಅದರ ಎರಡು ಗೆರೆ ಜೋಡಿಯಾಗಿ ಕಂಡ್ವು, ಆಮೇಲೆ ವಾದ ಮಾಡೋಕೆ ಏನೂ ಉಳೀಲಿಲ್ಲ.

ಹಾಲಿನ ಕಥೆ ಬೇರೆ. ಮಳೆ, ಹುಲ್ಲು, ಹಸು, ಹಾಲು, ಅಲ್ಲಿಂದ ಮಗುವಿನ ಥೈರಾಯ್ಡ್, ಅಯೋಡಿನ್‌ಗೆ ಈ ದಾರಿ ಬಹಳ ಸಲೀಸು, ಅದಕ್ಕೇ ಎಲ್ಲರ ಕಣ್ಣು ಹಾಲಿನ ಮೇಲೆ. ಹಾಲು ತುಂಬೋ ಡಬ್ಬಕ್ಕೆ ತಳದಲ್ಲಿ ಒಳಮುಖವಾಗಿ ಒಂದು ಗುಳಿ ಇರುತ್ತೆ, ಡಿಟೆಕ್ಟರ್ ತಲೆಗೆ ಟೋಪಿ ಹಾಕಿದಂಗೆ ಕೂರುತ್ತೆ. ಇಲ್ಲಿ ಒಂದು ಪೇಚು: ಎಣಿಸೋ ಸಮಯ ನಾಲ್ಕು ಪಟ್ಟು ಮಾಡಿದ್ರೆ ಪತ್ತೆ ಮಿತಿ (ಮಿಷನ್ನಿಗೆ ಕಾಣೋ ಕನಿಷ್ಠ ಪ್ರಮಾಣ) ಅರ್ಧಕ್ಕೆ ಮಾತ್ರ ಇಳಿಯುತ್ತೆ, ಅತ್ತ ಫ್ರಿಜ್‌ನಲ್ಲಿ ಸ್ಯಾಂಪಲ್ ಸಾಲು, ಅದರೊಳಗಿನ ಅಯೋಡಿನ್ ಎಂಟು ದಿನಕ್ಕೆ ಅರ್ಧ ಕರಗ್ತಾ ಇರುತ್ತೆ. ಕೊನೆಗೆ ಹಾಲಿಗೆ ಇಡೀ ರಾತ್ರಿ, ಮಳೆನೀರಿಗೆ ಅದಕ್ಕಿಂತ ಕಮ್ಮಿ ಅಂತ ಹಂಚ್ಕೊಂಡ್ವಿ.

ಮಾರ್ಚ್ 30ಕ್ಕೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಹಾಲಲ್ಲಿ ಲೀಟರಿಗೆ 0.8 ಪಿಕೊಕ್ಯೂರಿ ಅಯೋಡಿನ್-131 ಅಂತ ಪ್ರಕಟಿಸ್ತು. ವಿಕಿರಣದ ಇನ್ನೊಂದು ಅಳತೆಯಲ್ಲಿ ಹೇಳೋದಾದ್ರೆ ಸುಮಾರು 0.03 ಬೆಕೆರೆಲ್, ಆಹಾರ-ಔಷಧ ಸಂಸ್ಥೆ ಎಫ್‌ಡಿಎ ಇಟ್ಟ ಮಿತಿಯ 5,000ದಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ಹಾಲಲ್ಲಿ ಸಹಜವಾಗೇ ಇರೋ ಪೊಟ್ಯಾಸಿಯಂ-40 ಲೀಟರಿಗೆ ಸುಮಾರು 50 ಬೆಕೆರೆಲ್! ಇದನ್ನ ಫೋನಲ್ಲಿ ಎಷ್ಟು ಸಲ ಹೇಳಿದ್ನೋ ಲೆಕ್ಕ ಇಲ್ಲ, ಹೇಳಿದ್ರೂ ಜನ ಕೇಳ್ತಿದ್ದಿದ್ದು ಒಂದೇ, ಇದೆಯೋ ಇಲ್ವೋ.

ಆ ರಾತ್ರಿನೇ ಇರಬೇಕು, ತೀರ್ಥಹಳ್ಳಿಯಿಂದ ಅಮ್ಮ ಫೋನ್ ಮಾಡಿದ್ಲು, ಟೀವಿಲಿ ನೋಡಿ ಗಾಬರಿ.

'ಮಕ್ಳಿಗೆ ಹಾಲು ಕೊಡ್ತಿದೀರೇನೋ?'

'ಕೊಡ್ತಿದೀವಮ್ಮ, ನಾನೇ ನೋಡಿದೀನಿ, ನಮ್ಮೂರ ಹಾಲಲ್ಲಿ ಏನೂ ಇಲ್ಲ.'

'ಏನೂ ಇಲ್ಲ ಅಂದ್ರೆ ಏನೋ? ಇಲ್ವೇ ಇಲ್ವೋ, ನಿನ್ ಮಿಷನ್ನಿಗೆ ಕಾಣ್ಲಿಲ್ವೋ?'

ಏಳನೇ ಕ್ಲಾಸ್ ಓದಿದ ಹೆಂಗಸು ನಮ್ಮ ರಿಪೋರ್ಟ್ ಫಾರ್ಮ್ಯಾಟಿನ ತಪ್ಪನ್ನ ಹಿಡಿದಿದ್ಲು. ನಾವು ಕಾಲಂನಲ್ಲಿ ಬರೀ 'ಎನ್‌ಡಿ' (ನಾಟ್ ಡಿಟೆಕ್ಟೆಡ್, ಪತ್ತೆ ಆಗಿಲ್ಲ) ಅಂತ ಬರೀತಿದ್ವಿ, ಅದನ್ನ ಕೆಲವರು ಸೊನ್ನೆ ಅಂತ ಓದಿದ್ರೆ ಇನ್ನು ಕೆಲವರು ಏನೋ ಮುಚ್ಚಿಡ್ತಿದಾರೆ ಅಂತ ಓದ್ತಿದ್ರು. ಮಾರನೇ ದಿನ ಹೋಗಿ 'ಇಷ್ಟಕ್ಕಿಂತ ಕಮ್ಮಿ' ಅಂತ ಪ್ರತಿ ಸಾಲಿಗೂ ಮಿತಿಯ ಅಂಕಿ ಹಾಕೋಣ ಅಂದೆ. ಜನ ಇನ್ನಷ್ಟು ಕನ್‌ಫ್ಯೂಸ್ ಆಗ್ತಾರೆ ಅಂತ ಒಂದು ವಾರ ಎಳೆದಾಡಿದ್ರು, ಆಮೇಲೆ ಒಪ್ಪಿದ್ರು. ಫೋನ್ ಕಮ್ಮಿ ಆಗ್ಲಿಲ್ಲ, ಪ್ರಶ್ನೆಗಳು ಮಾತ್ರ ಬದಲಾದ್ವು, 'ಆ ಅಂಕಿ ಹೇಗೆ ಬರುತ್ತೆ' ಅಂತ ಕೇಳೋಕೆ ಶುರು ಮಾಡಿದ್ರು. ಅದಕ್ಕೆ ಉತ್ತರ ಹೇಳೋಕೆ ನನಗೆ ಬರ್ತಿತ್ತು.

ಮೇ 3ಕ್ಕೆ ಇಪಿಎ ಮಾಮೂಲಿ ಮೂರು ತಿಂಗಳಿಗೊಮ್ಮೆಯ ಹಾಲಿನ ಸ್ಯಾಂಪಲ್‌ಗೆ ವಾಪಸ್ ಹೋಯ್ತು, ನಾವೂ ನಿಧಾನ ಆದ್ವಿ. ಆ ತಿಂಗಳ ಕೊನೇ ಹಾಲಿನ ಸ್ಪೆಕ್ಟ್ರಂ, ಅಂದ್ರೆ ಯಾವ ಶಕ್ತಿಯಲ್ಲಿ ಎಷ್ಟು ಎಣಿಕೆ ಅಂತ ತೋರಿಸೋ ಗ್ರಾಫ್, ತೆಗೆದು ನೋಡಿದೆ, 364ರ ಹತ್ರ ಚಪ್ಪಟೆ, ದೂರದಲ್ಲಿ 1460ರಲ್ಲಿ ಪೊಟ್ಯಾಸಿಯಂ ಒಂದೇ ಯಾವಾಗಿನಂತೆ ಗೋಪುರದ ಥರ ನಿಂತಿತ್ತು.