ಏರಿಸುವ ಮೊದಲು ಇಳಿಸುವುದು: ಹೈಸ್ಕೂಲ್ ಚಿಯರ್ ಕೋಚ್ ಆಗಿ ನನ್ನ ಅನುಭವ

ಚಿಯರ್‌ಲೀಡಿಂಗ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಐಪಿಎಲ್. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಅದರ ಮೊದಲ ಪಂದ್ಯ ನಡೆದಾಗ ಬೌಂಡರಿ ಪಕ್ಕ ಕುಣಿದವರು ಅಮೆರಿಕದ ಫುಟ್‌ಬಾಲ್ ತಂಡವೊಂದರ ವೃತ್ತಿಪರ ಚಿಯರ್‌ಲೀಡರ್‌ಗಳು. ಅಮೆರಿಕದ ಹೈಸ್ಕೂಲಿನಲ್ಲಿ ನಾನು ಕಲಿಸುವುದಕ್ಕೂ ಅದಕ್ಕೂ ಹೆಸರೊಂದೇ ಸಾಮಾನ್ಯ. ಇಲ್ಲಿನ ಶಾಲಾ ತಂಡದ ತಲೆಯ ಮೇಲೆ ಮೂರು ಕೆಲಸ: ಆಗಸ್ಟ್‌ನಿಂದ ಶುಕ್ರವಾರ ರಾತ್ರಿಯ ಫುಟ್‌ಬಾಲ್, ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್, ಇವೆರಡರ ನಡುವೆ ಎರಡೂವರೆ ನಿಮಿಷದ ಸ್ಪರ್ಧೆಯ ರೂಟೀನ್, ಅಂದರೆ ಸಂಗೀತಕ್ಕೆ ಹೊಂದಿಸಿದ ಪ್ರದರ್ಶನ. 1898ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಎದುರು ನಿಂತು ಕೂಗಿಸಿದ್ದು ಇದರ ಆರಂಭ. ಮೊದಲ ಕೆಲವು ದಶಕ ಇದು ಹೆಚ್ಚುಕಡಿಮೆ ಗಂಡುಹುಡುಗರದ್ದೇ ಕೆಲಸವಾಗಿತ್ತು. ಈಗ ಹುಡುಗರನ್ನು ಸೇರಿಸಿಕೊಳ್ಳಲು ಕೋಚ್‌ಗಳು ಪಡುವ ಪಾಡು ನೋಡಿದರೆ ನಗು ಬರುತ್ತದೆ.

ಕೂಗು, ಕುಣಿತ, ಪಲ್ಟಿ ಎಲ್ಲವೂ ಇರಲಿ. ಕೋಚ್‌ನ ನಿದ್ದೆ ಕೆಡಿಸುವುದು ಸ್ಟಂಟ್, ಅಂದರೆ ಒಬ್ಬಳನ್ನು ಉಳಿದವರು ಎತ್ತಿ ನಿಲ್ಲಿಸುವುದು. ಅದಕ್ಕೆ ನಾಲ್ಕು ಜನ ಬೇಕು. ಎದುರುಬದುರು ನಿಲ್ಲುವ ಇಬ್ಬರು ಬೇಸ್, ಹಿಂದೆ ಒಬ್ಬಳು ಬ್ಯಾಕ್‌ಸ್ಪಾಟ್, ಮೇಲೆ ಫ್ಲೈಯರ್. ಫ್ಲೈಯರ್‌ನ ಪಾದ ಬೇಸ್‌ಗಳ ಗಲ್ಲದ ಮಟ್ಟಕ್ಕೆ ಬಂದರೆ ಅದು ಪ್ರೆಪ್. ಬೇಸ್‌ಗಳ ತೋಳು ತಲೆಯ ಮೇಲೆ ನೇರವಾದರೆ ಎಕ್ಸ್‌ಟೆನ್ಷನ್.

ಒಂದು ಲೆಕ್ಕ ಹಾಕಿ ನೋಡಿ. ಐದಡಿ ಎತ್ತರದ ಹುಡುಗಿ ಪ್ರೆಪ್‌ನಲ್ಲಿ ನಿಂತಾಗ ಪಾದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿ, ತಲೆ ಒಂಬತ್ತೂವರೆ ಅಡಿಯಲ್ಲಿ. ಅಲ್ಲಿಂದ ಜಾರಿದರೆ ಪಾದ ನೆಲ ಮುಟ್ಟಲು ಅರ್ಧ ಸೆಕೆಂಡು ಸಾಕು. ನಿಮಿಷಕ್ಕೆ 144 ತಾಳದ ಸಂಗೀತದಲ್ಲಿ ಒಂದು ಎಣಿಕೆಗೆ 0.42 ಸೆಕೆಂಡು. ಅಂದರೆ ಬೀಳುವುದಕ್ಕೆ ಸಿಗುವ ಕಾಲ ಒಂದು ಎಣಿಕೆಗಿಂತ ತುಸು ಹೆಚ್ಚು, ಅಷ್ಟೇ. ಅಷ್ಟರಲ್ಲಿ ಯಾರೂ ಯೋಚಿಸಿ ಹಿಡಿಯುವುದಿಲ್ಲ. ಕೈ ತಾನಾಗಿ ಮೇಲೆ ಹೋಗಬೇಕು. ಹಾಗಾಗಿ ನಾನು ಏರುವುದನ್ನು ಕಲಿಸುವ ಮೊದಲು ಇಳಿಯುವುದನ್ನು ಕಲಿಸುತ್ತೇನೆ. ಮೊದಲ ಎರಡು ವಾರ ಯಾರ ಪಾದವೂ ಸೊಂಟದ ಮಟ್ಟ ದಾಟುವುದಿಲ್ಲ. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಶುರು ಮಾಡುವುದು ನೆಲದಿಂದ. ಫ್ಲೈಯರ್ ಚಾಪೆಯ ಮೇಲೆ ನೆಟ್ಟಗೆ ನಿಲ್ಲುತ್ತಾಳೆ. ಬೇಸ್‌ಗಳು ಮಂಡಿ ಬಗ್ಗಿಸಿ ಕೂತು, ತಲಾ ಒಂದು ಪಾದದ ಬೆರಳ ಕಡೆ ಒಂದು ಕೈ, ಹಿಮ್ಮಡಿಗೆ ಒಂದು ಕೈ ಹಿಡಿದು ಬಿಗಿ ಮಾಡುತ್ತಾರೆ. ಬ್ಯಾಕ್‌ಸ್ಪಾಟ್ ಎರಡೂ ಕಣಕಾಲು ಹಿಡಿಯುತ್ತಾಳೆ. ನಾನು ಫ್ಲೈಯರ್‌ನ ಭುಜವನ್ನು ಎಲ್ಲ ದಿಕ್ಕಿಗೂ ಮೆಲ್ಲಗೆ ತಳ್ಳುತ್ತೇನೆ. ಅವಳು ಕಂಬದ ಹಾಗೆ ಒಟ್ಟಿಗೆ ವಾಲಿದರೆ ಸರಿ. ಸೊಂಟದಲ್ಲಿ ಮುರಿದರೆ ಇನ್ನೂ ಏರಲು ತಯಾರಿಲ್ಲ. ಫ್ಲೈಯರ್ ಆಗಲು ತೆಳ್ಳಗಿರಬೇಕು ಎಂಬುದು ತಪ್ಪು ತಿಳಿವಳಿಕೆ. ಬಿಗಿಯಾಗಿ ನಿಲ್ಲುವ ಐವತ್ತೈದು ಕಿಲೋದವಳು, ಮೇಲೆ ಹೋದ ಮೇಲೆ ಸಡಿಲ ಬಿಡುವ ನಲವತ್ತೈದರವಳಿಗಿಂತ ಹಗುರ. ತೂಕದ ಯಂತ್ರವನ್ನು ನಾನು ಜಿಮ್ಮಿಗೆ ತರುವುದೇ ಇಲ್ಲ. ಆ ವಯಸ್ಸಿನ ಮಕ್ಕಳ ಎದುರು ಅದನ್ನಿಟ್ಟರೆ ಊಟ ಬಿಡುವ ಚಟ ಶುರುವಾಗುತ್ತದೆ.

ಆಮೇಲೆ ಕ್ರೇಡಲ್, ಅಂದರೆ ಮೇಲಿನಿಂದ ಚಿಮ್ಮಿದವಳನ್ನು ತೊಟ್ಟಿಲಿನ ಹಾಗೆ ಹಿಡಿಯುವುದು. ಇದನ್ನೂ ಕೆಳಗಿನಿಂದಲೇ ಕಲಿಸಬೇಕು. ಬೇಸ್‌ಗಳು ಸೊಂಟದ ಮಟ್ಟದಲ್ಲಿ ತೋಳು ಹೆಣೆದು ನಿಂತಾಗ ಫ್ಲೈಯರ್ ಅದರ ಮೇಲೆ ಕೂತು ಆಕಾರ ಕಲಿಯುತ್ತಾಳೆ: ಕಾಲು ಜೋಡಿಸಿ ನೇರ, ಸೊಂಟದಲ್ಲಿ ಅಗಲವಾದ ವಿ, ಎದೆ ಮೇಲೆ, ಕೈ ಬೇಸ್‌ಗಳ ಭುಜ ಸುತ್ತಿ. ಹಿಡಿಯುವವರ ಪಾಠ ಇನ್ನೂ ಮುಖ್ಯ. ಬೇಸ್‌ಗಳ ಒಂದು ತೋಳು ಬೆನ್ನಿಗೆ, ಇನ್ನೊಂದು ತೊಡೆಯ ಕೆಳಗೆ. ಬ್ಯಾಕ್‌ಸ್ಪಾಟ್‌ನ ತೋಳು ಕಂಕುಳ ಕೆಳಗೆ. ಮೂವರೂ ಕೈಯನ್ನು ಎತ್ತರಕ್ಕೆ ಚಾಚಿ, ಮೈ ತಾಕಿದ ಕ್ಷಣದಿಂದ ಮಂಡಿ ಬಗ್ಗಿಸುತ್ತ ಭಾರವನ್ನು ಕೆಳಕ್ಕೆ ಕರೆದುಕೊಂಡು ಬರಬೇಕು. ಎದೆಯ ಹತ್ತಿರ ಕೈಯಿಟ್ಟು ಕಾಯುವವರ ಕೈಗೆ ಅವಳು ಪೂರ್ತಿ ವೇಗದಲ್ಲಿ ಬಂದು ಬೀಳುತ್ತಾಳೆ. ಮೊಣಕೈ ಮೂಗಿಗೆ, ಬೆನ್ನು ನೆಲಕ್ಕೆ. ಚಿಯರ್‌ನಲ್ಲಿ ಮೂಗಿನ ಪೆಟ್ಟು ತಿನ್ನುವವರಲ್ಲಿ ಬೇಸ್‌ಗಳೇ ಜಾಸ್ತಿ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಇಷ್ಟು ಕೂತ ಮೇಲೆ ಪ್ರೆಪ್. ನನ್ನ ಎಣಿಕೆ ಹೀಗೆ. ಫ್ಲೈಯರ್‌ನ ಕೈ ಬೇಸ್‌ಗಳ ಭುಜದ ಮೇಲೆ, ಬ್ಯಾಕ್‌ಸ್ಪಾಟ್‌ನ ಕೈ ಅವಳ ಸೊಂಟಕ್ಕೆ. ಒಂದಕ್ಕೆ ನಾಲ್ವರೂ ಮಂಡಿ ಬಗ್ಗಿಸಬೇಕು. ಎರಡಕ್ಕೆ ಫ್ಲೈಯರ್ ಜಿಗಿದು, ತನ್ನ ತೋಳಿನ ಮೇಲೆ ಭಾರ ಹೊರಬೇಕು. ಮೂರಕ್ಕೆ ಎರಡೂ ಪಾದ ಬೇಸ್‌ಗಳ ಕೈಗೆ, ಮಂಡಿ ಮಡಚಿ. ಇದಕ್ಕೆ ಸ್ಪಂಜ್ ಅನ್ನುತ್ತಾರೆ. ನಾಲ್ಕು ಹಾಗೇ. ಐದಕ್ಕೆ ಮತ್ತೆ ಬಗ್ಗು, ಆರಕ್ಕೆ ಕಾಲಿನ ಬಲದಲ್ಲಿ ಮೇಲೆ, ಏಳಕ್ಕೆ ಗಲ್ಲದ ಕೆಳಗೆ ಬಿಗಿ, ಎಂಟು ಹಿಡಿ. ಇಳಿಯುವಾಗ ಒಂದು ಎರಡಕ್ಕೆ ಬಗ್ಗು, ಮೂರಕ್ಕೆ ಚಿಮ್ಮಿಸು, ನಾಲ್ಕಕ್ಕೆ ಹಿಡಿ. ಎಣಿಸುವವಳು ಒಬ್ಬಳೇ, ಅವಳು ಬ್ಯಾಕ್‌ಸ್ಪಾಟ್. ನಾಲ್ವರೂ ಎಣಿಸತೊಡಗಿದರೆ ನಾಲ್ಕು ತಾಳ ಹುಟ್ಟುತ್ತವೆ.

ಎಲ್ಲಿ ಕೆಡುತ್ತದೆ ಅಂದರೆ, ಹೆಚ್ಚಿನ ಸಲ ಬೇಸ್‌ಗಳ ನಡುವಿನ ಅಂತರದಲ್ಲಿ. ಅವರು ಒಂದು ಹೆಜ್ಜೆ ದೂರ ಸರಿದರೆ ಫ್ಲೈಯರ್‌ನ ಕಾಲು ಅಗಲವಾಗಿ ಅವಳು ನಡುವೆ ಕುಸಿಯುತ್ತಾಳೆ. ಪಾದಗಳ ಅಂತರ ಅವಳ ಭುಜದಗಲ ದಾಟಬಾರದು. ಎರಡನೆಯದು, ಬೇಸ್ ಕಾಲಿನ ಬದಲು ಬೆನ್ನಿನಿಂದ ಎತ್ತುವುದು. ಆಗ ಎದೆ ಮುಂದಕ್ಕೆ ಬಾಗಿ ಇಬ್ಬರ ತಲೆ ಡಿಕ್ಕಿ ಹೊಡೆಯುತ್ತದೆ, ರಾತ್ರಿ ಸೊಂಟ ಹಿಡಿಯುತ್ತದೆ. ಮೂರನೆಯದು ಫ್ಲೈಯರ್ ಕೆಳಗೆ ನೋಡುವುದು. ತಲೆ ಬಾಗಿದ ಕಡೆ ಮೈ ಹೋಗುತ್ತದೆ. ಜಿಮ್ಮಿನ ಎದುರು ಗೋಡೆಯ ಮೇಲೆ ಎತ್ತರದಲ್ಲಿ ಒಂದು ಹಳದಿ ಟೇಪ್ ಅಂಟಿಸಿ, ನೋಟ ಅಲ್ಲೇ ಇರಲಿ ಅನ್ನುತ್ತೇನೆ. ಕ್ರೇಡಲ್‌ನಲ್ಲಿ ಸಾಮಾನ್ಯ ತಪ್ಪು ಬೇಗ ಕೂರುವುದು. ಚಿಮ್ಮಿದ ತುದಿ ಮುಟ್ಟುವ ಮೊದಲೇ ಸೊಂಟ ಮುರಿದರೆ ಅವಳು ಹಿಂದಕ್ಕೆ, ಬ್ಯಾಕ್‌ಸ್ಪಾಟ್‌ನ ಮುಖದ ಮೇಲೆ ಬರುತ್ತಾಳೆ.

ತಂಡದಲ್ಲಿ ಎಲ್ಲರಿಗೂ ಫ್ಲೈಯರ್ ಆಗುವ ಆಸೆ. ನಾನು ಆಯ್ಕೆ ಮಾಡುವಾಗ ಮೊದಲು ಹುಡುಕುವುದು ಬ್ಯಾಕ್‌ಸ್ಪಾಟನ್ನು. ಎತ್ತರದವಳು, ಗಂಟಲು ದೊಡ್ಡದು, ಗಾಬರಿಯಾದಾಗ ಹಿಂದೆ ಸರಿಯದೆ ಮುಂದೆ ನುಗ್ಗುವವಳು. ಸ್ಟಂಟ್ ಹದ ತಪ್ಪಿದಾಗ ‘ಕೆಳಗೆ’ ಎಂದು ಕೂಗುವ ಅಧಿಕಾರ ನಾಲ್ವರಿಗೂ ಇದೆ. ಕೂಗಿದ ಮೇಲೆ ಉಳಿಸಿಕೊಳ್ಳುವ ಪ್ರಯತ್ನ ಬೇಡ, ಎಲ್ಲರೂ ಅವಳ ತಲೆ, ಕತ್ತು, ಭುಜದ ಕಡೆ ಕೈ ಹಾಕಬೇಕು. ಈ ಕೂಗಿಗೂ ನಾವು ಅಭ್ಯಾಸ ಮಾಡುತ್ತೇವೆ. ಬೇಕೆಂದೇ, ಯಾವ ಸೂಚನೆಯೂ ಇಲ್ಲದೆ ನಾನು ಸ್ಪಂಜ್ ಎತ್ತರದಲ್ಲಿ ‘ಕೆಳಗೆ’ ಅನ್ನುತ್ತೇನೆ. ಬೇಸ್ ಕೈ ಕೊಟ್ಟಳು ಅನ್ನುವ ಮಾತಿಗೆ ಕನ್ನಡದಲ್ಲಿರುವ ಎರಡೂ ಅರ್ಥ ಆ ಹೊತ್ತಿಗೆ ಗೊತ್ತಾಗಿಬಿಡುತ್ತದೆ.

ಹೈಸ್ಕೂಲುಗಳ ರಾಷ್ಟ್ರೀಯ ಒಕ್ಕೂಟವಾದ ಎನ್‌ಎಫ್‌ಎಚ್‌ಎಸ್ ಚಿಯರ್‌ನ ನಿಯಮ ಪುಸ್ತಕ ಹೊರಡಿಸುತ್ತದೆ. ಪಿರಮಿಡ್ ಎರಡು ಆಳಿನ ಎತ್ತರ ದಾಟುವಂತಿಲ್ಲ. ಡೊಳ್ಳು ಕುಣಿತದಲ್ಲಿ ಹೆಗಲೇರಿದವರ ಹೆಗಲ ಮೇಲೆ ಮತ್ತೊಬ್ಬ ನಿಲ್ಲುವುದನ್ನು ನೋಡಿ ಬೆಳೆದವರಿಗೆ ಇದು ಸಪ್ಪೆ ಅನ್ನಿಸಬಹುದು. ಎಕ್ಸ್‌ಟೆನ್ಷನ್‌ಗೆ ಸ್ಪಾಟರ್, ಅಂದರೆ ಬಿದ್ದರೆ ಹಿಡಿಯಲು ಕಾಯುವವಳು, ಇರಲೇಬೇಕು. ಬ್ಯಾಸ್ಕೆಟ್ ಟಾಸ್, ಅಂದರೆ ಕೈ ಹೆಣೆದು ಎಸೆಯುವುದು, ಬರಿಯ ಮರದ ಕೋರ್ಟಿನ ಮೇಲೆ ನಿಷಿದ್ಧ. ಹುಲ್ಲು, ಚಾಪೆಯಂಥ ಮೆತ್ತನೆಯ ನೆಲ ಬೇಕು. ಸ್ಪರ್ಧೆಯ ನೆಲ 54 ಅಡಿಗೆ 42 ಅಡಿ, ಆರಡಿ ಅಗಲದ ಒಂಬತ್ತು ಪಟ್ಟಿ ಜೋಡಿಸಿದ್ದು. ಅಭ್ಯಾಸಕ್ಕೆ ಶಾಲೆಯಲ್ಲಿ ಏಳೇ ಪಟ್ಟಿ ಇದ್ದರೆ ಉಳಿದೆರಡರ ಜಾಗವನ್ನು ಟೇಪಿನಿಂದ ಗುರುತಿಸಿ, ಅಲ್ಲಿ ಬರೀ ನಡಿಗೆ, ಕುಣಿತ ಇಟ್ಟುಕೊಳ್ಳಿ. ಪಟ್ಟಿಗಳು ಕೂಡುವ ಗೆರೆಯ ಮೇಲೆ ಸ್ಟಂಟ್ ಮಾಡಬೇಡಿ, ಅವನ್ನು ಜೋಡಿಸುವ ವೆಲ್ಕ್ರೋ ಸಡಿಲವಿದ್ದರೆ ಕಾಲು ಹೊರಳುತ್ತದೆ.

ರೂಟೀನ್ ಬರೆಯುವುದು ಕಾಗದದ ಮೇಲೆ. 144 ತಾಳಕ್ಕೆ ಎರಡೂವರೆ ನಿಮಿಷ ಅಂದರೆ 360 ಎಣಿಕೆ, ಎಂಟೆಂಟರ 45 ಸಾಲು. ನಲವತ್ತೈದು ಮನೆ ಗೀಚಿ, ಮೊದಲು ಸ್ಟಂಟ್ ಮತ್ತು ಪಿರಮಿಡ್‌ನ ಇಳಿಯುವ ಎಣಿಕೆಗಳನ್ನು ತುಂಬಿಸಿ ಬಿಡುತ್ತೇನೆ, ಆಮೇಲೆ ಏರುವುದು, ಕಡೆಗೆ ಕುಣಿತ. ಕಷ್ಟದ ಸ್ಟಂಟ್ ಮೊದಲ ಒಂದು ನಿಮಿಷದೊಳಗೆ ಬರಲಿ. ಪಲ್ಟಿ ಹೊಡೆದು ಏದುಸಿರು ಬಿಡುವವಳ ಕೈಗೆ ಇನ್ನೊಬ್ಬಳ ಪಾದ ಕೊಡಬಾರದು.

ಪಂದ್ಯದ ದಿನದ ಕೆಲಸ ಬೇರೆಯದೇ. ಆಟ ಗೊತ್ತಿಲ್ಲದ ಚಿಯರ್ ತಂಡ ಮರ್ಯಾದೆ ಕಳೆಯುತ್ತದೆ. ಚೆಂಡು ನಮ್ಮ ಕೈಯಲ್ಲಿರುವಾಗ ‘ಡಿಫೆನ್ಸ್’ ಎಂದು ಕೂಗಿದರೆ ಪ್ರೇಕ್ಷಕರ ನಗು ಗ್ಯಾಲರಿಯಿಂದ ನೇರ ಕೆಳಗೆ ಬರುತ್ತದೆ. ಆಟಗಾರ ಬಿದ್ದು ಏಳದಿದ್ದರೆ ಕೂಗು ನಿಲ್ಲಿಸಿ ಒಂದು ಮಂಡಿಯೂರುತ್ತಾರೆ. ಆಟ ನಮ್ಮ ಬದಿಗೆ ಬಂದಾಗ ಯಾರೂ ಮೇಲಿರಬಾರದು, ಗೆರೆ ದಾಟಿ ಬರುವ ತೊಂಬತ್ತು ಕಿಲೋ ಹುಡುಗನಿಗೆ ಬ್ರೇಕ್ ಇರುವುದಿಲ್ಲ. ಮಳೆ ಬಂದು ಹುಲ್ಲು ನೆನೆದರೆ ಸ್ಟಂಟ್ ಇಲ್ಲ, ಮೆಗಾಫೋನ್ ಮತ್ತು ಫಲಕ ಅಷ್ಟೇ.

ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೂ ಆ ದಿನ ಮುಗಿಯಿತು. 2009ರಲ್ಲಿ ವಾಷಿಂಗ್ಟನ್ ರಾಜ್ಯ ಇದಕ್ಕೆ ಮೊದಲು ಕಾನೂನು ಮಾಡಿತು, ಈಗ ಐವತ್ತೂ ರಾಜ್ಯಗಳಲ್ಲಿದೆ. ವೈದ್ಯಕೀಯ ಒಪ್ಪಿಗೆ ಕಾಗದ ಬರುವವರೆಗೆ ಅಭ್ಯಾಸವಿಲ್ಲ, ಬಂದ ಮೇಲೂ ಹಂತ ಹಂತವಾಗಿ, ಹಂತಕ್ಕೆ ಕನಿಷ್ಠ ಒಂದು ದಿನದಂತೆ. ‘ಚೆನ್ನಾಗಿದ್ದೀನಿ ಕೋಚ್’ ಎಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕ್ಲಿಪ್‌ಬೋರ್ಡಿನ ಮೊದಲ ಹಾಳೆಯಲ್ಲಿ ನಾನು ಬರೆದಿಡುವುದು ರೂಟೀನ್ ಅಲ್ಲ: 911ಗೆ ಯಾರು ಕರೆ ಮಾಡುತ್ತಾರೆ, ಆಂಬುಲೆನ್ಸ್ ಯಾವ ಗೇಟಿಗೆ ಬರಬೇಕು, ಸಂಜೆ ಏಳರ ಮೇಲೆ ಆ ಗೇಟಿನ ಬೀಗದ ಕೈ ಯಾರ ಹತ್ತಿರ.