ಕಾಫಿ ಗೋದಾಮಿನಲ್ಲಿ ಉಳಿದುಕೊಂಡ ಆರು ಹಾಡುಗಳು

2022ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಕೊಡಗಿನ ಸಿದ್ದಾಪುರದ ಬಳಿ ಇರುವ ನನ್ನ ಸೋದರಮಾವನ ಕಾಫಿ ಗೋದಾಮಿನಲ್ಲಿ, ನಲವತ್ತರಷ್ಟು ಜನರನ್ನು ಎದುರಿಗೆ ಕೂರಿಸಿಕೊಂಡು ನಮ್ಮ ರಾಕ್ ಬ್ಯಾಂಡ್ ಎಲೆಕ್ಟ್ರಿಕ್ ಗಿಟಾರನ್ನು ಮುಟ್ಟದೆ ಆರು ಹಾಡುಗಳನ್ನು ನುಡಿಸಿ ಧ್ವನಿಮುದ್ರಿಸಿತು. ಆ ಹಾಡುಗಳನ್ನು ಇಂದಿಗೂ ಜನ ಹುಡುಕಿಕೊಂಡು ಬಂದು ಕೇಳುತ್ತಾರೆ. ಕಳೆದ ತಿಂಗಳು ಗೋಣಿಕೊಪ್ಪದ ಒಂದು ಮದುವೆಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಬಂದು, "ಅಣ್ಣಾ, ಗೋಡೌನಿನಲ್ಲಿ ಹಾಡಿದ ಹಾಗೆಯೇ ಹಾಡಿ, ಡ್ರಮ್ಸ್ ಜೋರು ಬೇಡ" ಎಂದು ಕೇಳಿದಳು. ನಾವು ಮುದ್ರಿಸಿದ ಕಾಲಕ್ಕೆ ಆಕೆ ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತಿರಲಿಲ್ಲ. ಡಿಸ್ಟಾರ್ಷನ್ (ಎಲೆಕ್ಟ್ರಿಕ್ ಗಿಟಾರಿನ ಒಡೆದ, ಒರಟು ನಾದ) ಇಲ್ಲದ ರಾಕ್ ಒಂದು ವಾರವೂ ಬಾಳುವುದಿಲ್ಲ ಎಂದು ಹೇಳಿದ್ದ ಗೆಳೆಯರೇ ಈಗ ಮೈಕ್ ಎಲ್ಲಿಟ್ಟಿದ್ದಿರಿ, ಚೀಲ ಎಷ್ಟಿತ್ತು ಎಂದು ವಿಚಾರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. 2017ರಲ್ಲಿ ನಾವು ನಾಲ್ವರು ಸೇರಿ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಐದು ಹಾಡುಗಳನ್ನು ಪೂರ್ಣ ಅಬ್ಬರದೊಂದಿಗೆ ಮುದ್ರಿಸಿದೆವು. ಸ್ಟುಡಿಯೋ ಬಾಡಿಗೆ, ಮಿಕ್ಸಿಂಗ್, ಹೋಗಿಬರುವ ಖರ್ಚು, ಊಟ, ವಸತಿ ಎಲ್ಲ ಸೇರಿ ಸುಮಾರು 1 ಲಕ್ಷ 80 ಸಾವಿರ ರೂಪಾಯಿ ಆಯಿತು. ಜಾಹೀರಾತಿಗೆ ಇನ್ನೂ 12 ಸಾವಿರ ಸುರಿದೆವು. ಮೊದಲ ತಿಂಗಳು ಒಂಬತ್ತು ಸಾವಿರದಷ್ಟು ಸಲ ಕೇಳಿದ ಲೆಕ್ಕ ಸಿಕ್ಕಿತು. ಆರು ತಿಂಗಳ ನಂತರ ಅದು ತಿಂಗಳಿಗೆ ಇಪ್ಪತ್ತೋ ಮೂವತ್ತೋ ಆಗಿತ್ತು, ಅದರಲ್ಲಿ ಹೆಚ್ಚಿನವರು ನಮ್ಮ ಮನೆಯವರೇ ಇದ್ದರೆಂದು ನನ್ನ ನಂಬಿಕೆ. 2018ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡಗಳು ಕುಸಿದು ಕೊಡಗು ತತ್ತರಿಸಿದಾಗ ಪ್ರವಾಸಿಗರು ಬರುವುದು ನಿಂತಿತು, ಹೋಮ್‌ಸ್ಟೇಗಳ ಕಾರ್ಯಕ್ರಮಗಳೂ ನಿಂತವು, ನಾವು ಗಿಟಾರಿನ ಸದ್ದು ಹೆಚ್ಚಿಸುವ ಎರಡು ಆಂಪ್‌ಗಳನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆವು. ಕೈಯಲ್ಲಿ ಉಳಿದದ್ದು ಎರಡು ಅಕೌಸ್ಟಿಕ್ (ವಿದ್ಯುತ್ ಬೇಡದ) ಗಿಟಾರ್, ಒಂದು ಬಾಸ್ ಮತ್ತು ಅರ್ಧ ಡ್ರಮ್ ಸೆಟ್.

ಹಾಗೆ ಕೂತಿದ್ದಾಗ ನಾನು ಅಮೆರಿಕದ ರಾಕ್ ಬ್ಯಾಂಡ್ ನಿರ್ವಾಣ ತಂಡದ ಅಕೌಸ್ಟಿಕ್ ಕಾರ್ಯಕ್ರಮವನ್ನು ಕೇಳುಗನಾಗಿ ಅಲ್ಲದೆ ಕೆಲಸಗಾರನಾಗಿ ಮತ್ತೆ ಮತ್ತೆ ಕೇಳಿದೆ. 1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಮುದ್ರಣವಾಗಿ, ಮರುವರ್ಷ ನವೆಂಬರ್‌ನಲ್ಲಿ ಆಲ್ಬಮ್ ಆಗಿ ಬಂದ ಆ ಕಾರ್ಯಕ್ರಮ ಮೂವತ್ತು ವರ್ಷ ದಾಟಿದರೂ ಹಳತಾಗಿಲ್ಲ. ನಡುವೆ 1994ರ ಏಪ್ರಿಲ್‌ನಲ್ಲಿ ತಂಡದ ಹಾಡುಗಾರ ಕರ್ಟ್ ಕೋಬೇನ್ ತೀರಿಕೊಂಡದ್ದರಿಂದಲೇ ಅದು ಉಳಿಯಿತು ಎಂದು ವಾದಿಸುವವರು ನಮ್ಮಲ್ಲೂ ಇದ್ದಾರೆ. ಆ ಸಾವಿನ ನೆರಳು ಅದರ ಮೇಲಿದೆ ಎಂಬುದು ನಿಜ, ಆದರೆ ಕೆಲಸದ ದೃಷ್ಟಿಯಿಂದ ನೋಡಿದರೆ ಬೇರೆಯೇ ಸಂಗತಿಗಳು ಕಾಣುತ್ತವೆ. ಆಲ್ಬಮ್‌ನಲ್ಲಿರುವ ಹದಿನಾಲ್ಕು ಹಾಡುಗಳಲ್ಲಿ ಆರು ಬೇರೆಯವರವು. ಅವರ ಅತ್ಯಂತ ಜನಪ್ರಿಯ ಹಾಡು ಅದರಲ್ಲಿ ಇಲ್ಲವೇ ಇಲ್ಲ. ಗಿಟಾರ್‌ಗಳ ಶ್ರುತಿಯನ್ನು ಅರ್ಧ ಸ್ವರ ಇಳಿಸಲಾಗಿದೆ. ಜೊತೆಗೆ ದೊಡ್ಡ ಪಿಟೀಲಿನಂಥ ಒಂದು ಚೆಲ್ಲೋ ಇದೆ. ಕೋಬೇನ್‌ನ ಮಾರ್ಟಿನ್ ಕಂಪನಿಯ ಗಿಟಾರಿಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಸಾಧನ) ಇತ್ತು, ಅದು ಆಂಪ್‌ಗೂ ಹೋಗುತ್ತಿತ್ತು ಎಂಬುದನ್ನು ಶುದ್ಧ ಅಕೌಸ್ಟಿಕ್ ಎಂದು ಹಟ ಹಿಡಿಯುವವರು ನೆನಪಿಡಬೇಕು. ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಕೂಡ 1970ರಲ್ಲಿ ಅಬ್ಬರದಿಂದ ಬಂದ ತನ್ನ 'ಲೈಲಾ'ವನ್ನು 1992ರಲ್ಲಿ ವೇಗ ಇಳಿಸಿ, ಬೇರೆ ಲಯಕ್ಕೆ ಕೂರಿಸಿದಾಗ ಅದು ಎರಡನೆಯ ಬದುಕು ಪಡೆಯಿತು. ಇವರಲ್ಲಿ ಯಾರೂ ಸದ್ದನ್ನಷ್ಟೇ ತಗ್ಗಿಸಲಿಲ್ಲ, ಹಾಡನ್ನೇ ಬಿಚ್ಚಿ ಮತ್ತೆ ಕಟ್ಟಿದರು. ಇಷ್ಟು ತಿಳಿಯಲು ನನಗೆ ಮೂರು ವರ್ಷ ಮತ್ತು ಎರಡು ಕೆಟ್ಟ ಮುದ್ರಣಗಳು ಬೇಕಾದವು.

ಮೊದಲ ಪ್ರಯತ್ನ 2019ರ ಮೇ ತಿಂಗಳಲ್ಲಿ ನಡೆಯಿತು. ಕಾಫಿಯೆಲ್ಲ ಮಾರಾಟವಾಗಿ ಗೋದಾಮು ಖಾಲಿಯಿತ್ತು. ಸಿಮೆಂಟ್ ನೆಲ, ಸುಣ್ಣದ ಗೋಡೆ. ಒಂದು ಚಪ್ಪಾಳೆ ತಟ್ಟಿದರೆ ಅದು ಎರಡು ಸೆಕೆಂಡಿನಷ್ಟು ಹೊತ್ತು ಸುತ್ತುತ್ತಿತ್ತು. ಎಲೆಕ್ಟ್ರಿಕ್ ಹಾಡುಗಳನ್ನು ಅದೇ ವೇಗ, ಅದೇ ಶ್ರುತಿಯಲ್ಲಿ ಅಕೌಸ್ಟಿಕ್‌ನಲ್ಲಿ ಬಾರಿಸಿದೆವು. ಕೇಳಿದರೆ ನಾಲ್ಕು ಜನ ಆತುರದಿಂದ ತಂತಿ ಕೆರೆಯುತ್ತಿರುವಂತೆ ಇತ್ತು. ಸಾಲದ್ದಕ್ಕೆ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಮುದ್ರಿಸಿದ್ದರಿಂದ ಐದೂ ಹಾಡುಗಳ ಅಡಿಯಲ್ಲಿ ಒಂದು ಗುಂಯ್‌ಗುಡುವಿಕೆ ಸೇರಿಕೊಂಡಿತು. ಹದಿನಾಲ್ಕು ಸಾವಿರ ಖರ್ಚು ಮಾಡಿದ್ದ ಆ ಮುದ್ರಣವನ್ನು ಯಾರಿಗೂ ಕೇಳಿಸಲಿಲ್ಲ.

ಎರಡನೆಯದು 2020ರ ಫೆಬ್ರವರಿ. ಈ ಸಲ ಕೊಯ್ಲು ಮುಗಿದು ಗೋದಾಮು ಮಾಡಿನವರೆಗೂ ತುಂಬಿತ್ತು. ಗೋಣಿಚೀಲಗಳು ಪ್ರತಿಧ್ವನಿಯನ್ನು ನುಂಗುತ್ತವೆ ಎಂದು ಸಂತೋಷಪಟ್ಟೆವು. ಅವು ಹಾಡುಗಾರನ ಉಸಿರನ್ನೂ ಗಿಟಾರಿನ ಮೈಯ ನಾದವನ್ನೂ ನುಂಗಿದವು. ಹೊದಿಕೆಯೊಳಗೆ ಮುಖ ಹುದುಗಿಸಿ ಹಾಡಿದಂತೆ ಕೇಳಿತು. ಆ ರಾತ್ರಿ ಮಾವ ಬಂದು ಕೇಳಿ, "ಕರೆಂಟಿನ ಗಿಟಾರೇ ಇಲ್ಲದ ಮೇಲೆ ಇದು ನಿಮ್ಮ ಬ್ಯಾಂಡು ಹೇಗಾಗುತ್ತದಪ್ಪ?" ಎಂದರು. ಆ ಪ್ರಶ್ನೆ ನನ್ನನ್ನು ಬಹಳ ಕಾಡಿತು, ಏಕೆಂದರೆ ಉತ್ತರ ನನ್ನ ಬಳಿ ಇರಲಿಲ್ಲ.

ಮುಂದಿನ ಎರಡು ವರ್ಷ ಮನೆಯೊಳಗೇ ಕೂರಬೇಕಾದಾಗ ಉತ್ತರ ಸಿಕ್ಕಿತು. ಡಿಸ್ಟಾರ್ಷನ್ ಇದ್ದಾಗ ಎರಡು ತಂತಿಗಳನ್ನು ಮೀಟಿದರೂ ನಾದ ತುಂಬಿಕೊಳ್ಳುತ್ತದೆ, ಮೀಟಿದ ಸ್ವರ ನಾವು ಬೇಡವೆನ್ನುವವರೆಗೂ ನಿಲ್ಲುತ್ತದೆ. ಅಕೌಸ್ಟಿಕ್‌ನಲ್ಲಿ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯಲು ತೊಡಗುತ್ತದೆ. ಆ ಸಾಯುವ ಸ್ವರದ ಹಿಂದೆ ಉಳಿಯುವ ಖಾಲಿ ಜಾಗವನ್ನು ಏನು ಮಾಡುತ್ತೀರಿ ಎಂಬುದರ ಮೇಲೆ ಹಾಡು ಬಾಳುತ್ತದೆಯೋ ಇಲ್ಲವೋ ಎಂಬುದು ನಿಂತಿದೆ. ನಾವು ಮೊದಲು ಆ ಜಾಗವನ್ನು ತುಂಬಲು ಹೊರಟು ಕೆಟ್ಟಿದ್ದೆವು, ಈಗ ಬಿಡಲು ಕಲಿತೆವು. ನಮ್ಮ ಅತಿ ಜೋರಿನ ಹಾಡು ನಿಮಿಷಕ್ಕೆ 132 ಬಡಿತದ್ದು; ಅದನ್ನು 90ರ ಆಸುಪಾಸಿಗೆ ಇಳಿಸಿದೆವು. ಶ್ರುತಿಯನ್ನು ಒಂದು ಪೂರ್ಣ ಸ್ವರ ಕೆಳಗಿಳಿಸಿ, 12ರ ಅಳತೆಯ ತಂತಿಗಳ ಬದಲು 13ರ ಅಳತೆಯ ದಪ್ಪ ತಂತಿ ಹಾಕಿದೆವು. ಹಾಡುಗಾರ ಮೇಲಿನ ಸ್ಥಾಯಿಯಲ್ಲಿ ಕಿರುಚುತ್ತಿದ್ದ ಸಾಲು ಈಗ ಮಾತಿನ ಎತ್ತರಕ್ಕೆ ಬಂದಿತು, ಸಾಹಿತ್ಯ ಮೊದಲ ಬಾರಿಗೆ ಕಿವಿಗೆ ಬಿದ್ದಿತು. ಡ್ರಮ್ಮರ್ ಸ್ಟಿಕ್ ಬಿಟ್ಟು ಬ್ರಷ್ ಹಿಡಿಯಲು ಮೊದಲು ಒಪ್ಪಲಿಲ್ಲ, ಅದು ತನ್ನ ಕೈ ಕಟ್ಟಿದಂತೆ ಎಂದ. ಮೂರು ತಿಂಗಳ ನಂತರ ಅವನೇ ಜೋರಾಗಿ ಮೊಳಗುವ ಕ್ರ್ಯಾಶ್ ಸಿಂಬಲ್ ತಟ್ಟೆಯನ್ನು ಬಿಚ್ಚಿಟ್ಟ.

ಹಾಡುಗಳನ್ನು ಆರಿಸಲು ಅಡುಗೆಮನೆಯನ್ನು ಬಳಸಿಕೊಂಡೆ. ಒಂದು ಗಿಟಾರ್ ಹಿಡಿದು ಹಾಡುಗಾರ ಅಲ್ಲಿ ಹಾಡಬೇಕು. ಕೆಲಸ ಮಾಡುತ್ತಿರುವ ಅಮ್ಮ ಕೈ ನಿಲ್ಲಿಸಿ ತಿರುಗಿ ನೋಡಿದರೆ ಆ ಹಾಡು ಉಳಿಯುತ್ತದೆ. ನಮ್ಮ ಹದಿನಾಲ್ಕು ಹಾಡುಗಳಲ್ಲಿ ಎಂಟು ಬಿದ್ದುಹೋದವು. ಅವುಗಳಲ್ಲಿ ನನಗೆ ಬಹಳ ಪ್ರಿಯವಾದ, ಪೂರ್ತಿ ರಿಫ್‌ನ (ಮತ್ತೆ ಮತ್ತೆ ಬರುವ ಗಿಟಾರ್ ಸ್ವರಸಾಲಿನ) ಮೇಲೆಯೇ ನಿಂತಿದ್ದ ಎರಡು ಹಾಡುಗಳೂ ಇದ್ದವು. ಅವು ಗಿಟಾರಿನ ಸದ್ದಿಗಾಗಿ ಹುಟ್ಟಿದವು, ಸದ್ದು ತೆಗೆದರೆ ಅಲ್ಲಿ ಹಾಡು ಇರಲಿಲ್ಲ. ಉಳಿದ ಆರರಲ್ಲಿ ಎರಡನೆಯ ಗಿಟಾರಿಗೆ ಬೇರೆಯದೇ ಶ್ರುತಿ ಕೊಟ್ಟಿದ್ದೇನೆ. ಆ ಶ್ರುತಿ ಯಾವುದೆಂದು ಹಲವರು ಕೇಳಿದ್ದಾರೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೋದಾಮಿಗೆ ಬೇಕಾದದ್ದು ಅರ್ಧ ತುಂಬಿದ ಸ್ಥಿತಿ ಎಂದು ಎರಡು ಸೋಲುಗಳಿಂದ ತಿಳಿದಿತ್ತು. 2022ರ ಮಾರ್ಚ್ ಕೊನೆಯಲ್ಲಿ 120ರಷ್ಟು ಚೀಲಗಳು ಉಳಿದಿದ್ದವು, ಎಲ್ಲ 50 ಕಿಲೋದ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು. ಹಿಂಗೋಡೆಗೆ ಆಳೆತ್ತರ ಅಟ್ಟಿ ಹಾಕಿ, ಎಡಗೋಡೆಗೆ ಸೊಂಟದ ಮಟ್ಟಕ್ಕೆ ಜೋಡಿಸಿ, ಬಲಗೋಡೆಯನ್ನು ಬರಿದಾಗಿ ಬಿಟ್ಟು, ಜನರನ್ನು ನಡುವಿನ ಚೀಲಗಳ ಮೇಲೆ ಕೂರಿಸಿದೆವು. ಚಪ್ಪಾಳೆಯ ಸದ್ದು ಒಮ್ಮೆ ಮಾತ್ರ ಮೃದುವಾಗಿ ಮರಳಿ ಬಂದು ನಿಂತಿತು. ಸಣ್ಣ ಸದ್ದನ್ನೂ ಹಿಡಿಯುವ ಎರಡು ಕಂಡೆನ್ಸರ್ ಮೈಕ್‌ಗಳನ್ನು ಬಾಡಿಗೆಗೆ ತಂದು ಕೋಣೆಗೆ, ನಮ್ಮಲ್ಲಿದ್ದ ಡೈನಮಿಕ್ ಮೈಕ್‌ಗಳನ್ನು ಗಿಟಾರ್ ಮತ್ತು ಡ್ರಮ್ಸ್‌ಗೆ ಇಟ್ಟೆವು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆಯೇ ನಡೆಯಿತು, ಮೈಕ್‌ಗಳನ್ನು ಅದಕ್ಕೆ ಸೇರಿಸುವ ಇಂಟರ್‌ಫೇಸ್‌ಗೂ ಅದರಿಂದಲೇ ವಿದ್ಯುತ್. ಇನ್ವರ್ಟರ್ ಬಂದ್ ಮಾಡಿ ಸೀಮೆಎಣ್ಣೆ ಲಾಂದ್ರ ಹಚ್ಚಿದೆವು. ಹಾಡುಗಾರನ ಮೈಕನ್ನು ಬಾಯಿಗೆ ನೇರವಾಗಿ ಇಟ್ಟಿರಲಿಲ್ಲ ಎಂಬುದನ್ನಷ್ಟೇ ಹೇಳಬಲ್ಲೆ.

ಇಷ್ಟೆಲ್ಲ ಆದ ಮೇಲೆ ಕೇಳಿಸಿದ್ದು ಕಣಿವೆಯಾಚೆಯ ಪಂಪ್‌ಸೆಟ್. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ಡೀಸೆಲ್ ಮೋಟಾರುಗಳು ರಾತ್ರಿಯಿಡೀ ಓಡುತ್ತವೆ. ಹಗಲಿನಲ್ಲಿ ಯಾರಿಗೂ ಗಮನಕ್ಕೆ ಬಾರದ ಆ ಸದ್ದು ಕಂಡೆನ್ಸರ್ ಮೈಕ್‌ನಲ್ಲಿ ಲಾರಿ ನಿಂತಂತೆ ಕೇಳುತ್ತಿತ್ತು. ನಾನು ಜೀಪು ಹತ್ತಿ ಹೋಗಿ ಆ ತೋಟದ ಯಜಮಾನರ ಬಳಿ, "ಎರಡು ಗಂಟೆ ನಿಲ್ಲಿಸಿ ಅಣ್ಣಾ, ಡೀಸೆಲ್ ನಾನು ಕೊಡುತ್ತೇನೆ" ಎಂದು ಬೇಡಿಕೊಂಡೆ. ಅವರು ಡೀಸೆಲ್ ಬೇಡವೆಂದು ಮೋಟಾರು ನಿಲ್ಲಿಸಿ, ತಾವೂ ಜೀಪು ಹತ್ತಿ ಬಂದು ಕೊನೆಯ ಸಾಲಿನಲ್ಲಿ ಕುಳಿತರು. ಆರು ಹಾಡುಗಳನ್ನು ಒಂದೇ ಓಟದಲ್ಲಿ ನುಡಿಸಿದೆವು, ಯಾವುದನ್ನೂ ಎರಡನೆಯ ಸಲ ಮುದ್ರಿಸಲಿಲ್ಲ. ಮೂರನೆಯ ಹಾಡಿನಲ್ಲಿ ನಾನು ಗಿಟಾರಿನ ಒಂದು ಸ್ವರಗುಚ್ಛ (ಕಾರ್ಡ್) ತಪ್ಪಿದ್ದೇನೆ, ಅದನ್ನು ಹಾಗೆಯೇ ಉಳಿಸಿದ್ದೇವೆ. ಆರನೆಯದು ಮುಗಿಯುವ ಹೊತ್ತಿಗೆ ಹೆಂಚಿನ ಮೇಲೆ ನಾಲ್ಕಾರು ಹನಿ ಬಿದ್ದು, ನೋಡನೋಡುತ್ತಿದ್ದಂತೆ ಮಳೆ ಹಿಡಿಯಿತು. ಹಾಡುಗಾರ ಕೊನೆಯ ಸಾಲನ್ನು ಹಾಡದೆ ನಿಲ್ಲಿಸಿದ, ನಾನು ತಂತಿಯ ಮೇಲಿಂದ ಕೈ ತೆಗೆದೆ. ಹನ್ನೆರಡು ಸೆಕೆಂಡಿನಷ್ಟು ಬರಿಯ ಮಳೆ, ಅದರ ನಡುವೆ "ಬಂತು, ಬಂತು" ಎಂಬ ಮಾವನ ದನಿ. ಅದೆಲ್ಲವೂ ಮುದ್ರಣದಲ್ಲಿದೆ.

ಆ ಇಡೀ ಕೆಲಸಕ್ಕೆ ಆದ ಖರ್ಚು 38 ಸಾವಿರದ ಆಸುಪಾಸು. ಮೊದಲ ತಿಂಗಳು ಕೇಳಿದವರು ಆರುನೂರು ಮಾತ್ರ. ಗೆಳೆಯರು ತಾವು ಹೇಳಿದ್ದೇ ನಿಜವಾಯಿತೆಂದರು. ಆದರೆ ಎರಡನೆಯ ವರ್ಷ ಅದು ಕುಸಿಯುವ ಬದಲು ಏರಿತು. ಈಗ ಒಂದು ರೂಪಾಯಿಯ ಜಾಹೀರಾತೂ ಇಲ್ಲದೆ ತಿಂಗಳಿಗೆ ಒಂದೂವರೆ, ಎರಡು ಸಾವಿರ ಸಲ ಕೇಳುತ್ತಾರೆ. ಮೊದಲೆಲ್ಲ ಒಂದು ಕಾರ್ಯಕ್ರಮಕ್ಕೆ 15 ಸಾವಿರ ಬಂದರೆ ಸೌಂಡಿನವರಿಗೇ ಒಂಬತ್ತು ಸಾವಿರ ಹೋಗುತ್ತಿತ್ತು. ಈಗ 25 ಸಾವಿರಕ್ಕೆ ಕಡಿಮೆ ಒಪ್ಪುವುದಿಲ್ಲ, ಸಾಮಾನೆಲ್ಲ ಒಂದೇ ಜೀಪಿನಲ್ಲಿ ಹಿಡಿಯುತ್ತದೆ. 2017ರ ಮುದ್ರಣಕ್ಕೆ ಮಾಡಿದ್ದ ಸಾಲವನ್ನು ತೀರಿಸಿದ್ದು ಆ ಗೋದಾಮಿನ ರಾತ್ರಿಯೇ.

ಮಳೆಗಾಲ ಮಾತ್ರ ಈ ಕೆಲಸಕ್ಕೆ ಶತ್ರು. ಜುಲೈನಲ್ಲಿ ಗಿಟಾರಿನ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಒಮ್ಮೆ ತಂತಿಗಳನ್ನು ಹಿಡಿದಿಡುವ ಮರದ ಬ್ರಿಡ್ಜ್ ಕಿತ್ತು ಬಂದು ಮೈಸೂರಿನಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ಅಂಟಿಸಿದೆ. ಆಮೇಲಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೆ 40 ವ್ಯಾಟ್ ಬಲ್ಬು ಉರಿಸುತ್ತೇನೆ, ಗಿಟಾರ್‌ಗಳನ್ನು ಅದರಿಂದ ಎರಡಡಿ ದೂರ ನೇತುಹಾಕುತ್ತೇನೆ.

ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಖಾಲಿ ಸಿಮೆಂಟ್ ತೊಟ್ಟಿಯೊಳಗೆ ನಿಂತು ಒಂದು ಪಲ್ಲವಿಯನ್ನು ಹಾಡಿಸಿದೆ. ಯಾವ ಸಾಫ್ಟ್‌ವೇರ್ ಕೊಡದ ಗುಂಗು ಅಲ್ಲಿ ಸಿಗುತ್ತದೆ, ಆದರೆ ಒಂದು ಹಾಡಿಗಿಂತ ಹೆಚ್ಚು ಕೇಳಿದರೆ ದಣಿವಾಗುತ್ತದೆ. ಕೊಡಗಿನ ಪುಟ್ಟ ಚರ್ಮವಾದ್ಯವಾದ ದುಡಿಯನ್ನು ಒಂದು ಹಾಡಿಗೆ ಸೇರಿಸಲು ನೋಡಿದೆ. ಅದರ ದನಿ ಹಾಡುಗಾರನ ದನಿಯ ಎತ್ತರದಲ್ಲೇ ಬಂದು ಕೂರುತ್ತದೆ, ಎರಡರಲ್ಲಿ ಒಂದು ಸೋಲಲೇಬೇಕು. ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋಪಾಟ್ ಹಾಡುವವರನ್ನು ಕುಳಿತು ಗಮನಿಸಿದಾಗ ಕಾರಣ ಹೊಳೆಯಿತು: ನಾಲ್ವರು ದುಡಿ ಬಾರಿಸುತ್ತ ಇಬ್ಬಿಬ್ಬರಾಗಿ ಸಾಲನ್ನು ಹಂಚಿಕೊಂಡು ಹಾಡುತ್ತಾರೆ, ದನಿಯನ್ನು ಚಪ್ಪಟೆಯಾಗಿ, ಒಂದೇ ಮಟ್ಟದಲ್ಲಿ ಹಿಡಿದು ದುಡಿಗೆ ಜಾಗ ಬಿಡುತ್ತಾರೆ. ಯಾವ ಆಂಪ್ ಇಲ್ಲದೆ ಅದು ತಲೆಮಾರುಗಳಿಂದ ನಿಂತಿದೆ. ನಮ್ಮ ಹಾಡುಗಾರ ಹಾಗೆ ಹಿಡಿಯಲು ಇನ್ನೂ ಕಲಿತಿಲ್ಲ, ಕಲಿಯುವವರೆಗೆ ದುಡಿಯನ್ನು ವೇದಿಕೆಗೆ ತರುವುದಿಲ್ಲ.

2024ರಲ್ಲಿ ರೊಬಸ್ಟಾ ಬೆಲೆ ಏರಿದಾಗ ಮಾವ ಚೀಲಗಳನ್ನೆಲ್ಲ ಬೇಗನೆ ಮಾರಿಬಿಟ್ಟರು, ಮಾರ್ಚ್‌ನಲ್ಲಿ ಗೋದಾಮು ಖಾಲಿಯಾಗಿ ಆ ವರ್ಷದ ಮುದ್ರಣ ತಪ್ಪಿತು. ಅಂದಿನಿಂದ ಕಾಫಿ ಹೊಟ್ಟು ತುಂಬಿದ ಚೀಲಗಳನ್ನು ಅಟ್ಟಿ ಹಾಕಿ ನೋಡುತ್ತಿದ್ದೇನೆ. ಗಿಟಾರಿಗೆ ಅವು ಚೆನ್ನಾಗಿಯೇ ಒಗ್ಗುತ್ತವೆ. ಬಾಸ್ ಮಾತ್ರ ಹಗುರ ಚೀಲಗಳ ಮೂಲಕ ಹಾದುಹೋಗಿ ಹಿಂಗೋಡೆಯಿಂದ ಮರಳಿ ಬರುತ್ತದೆ. ಕೆಳಗಿನ ಎರಡು ಸಾಲಿಗೆ ಮರಳು ತುಂಬಿದ ಚೀಲ ಇಟ್ಟು ಕಳೆದ ವಾರ ಮತ್ತೆ ಮುದ್ರಿಸಿದ್ದೇನೆ, ಅದನ್ನು ಡ್ರಮ್ಮರ್ ಇನ್ನೂ ಕೇಳಬೇಕಾಗಿದೆ.