ಬಿಜಿವಿ ವರದಿ ಮೊದಲು ಅಭ್ಯರ್ಥಿಯ ಕೈಗೆ: ನನ್ನ ಅನುಭವ

ಕೆಲಸಕ್ಕೆ ಸೇರುವವರ ಹಿನ್ನೆಲೆ ಪರಿಶೀಲನೆ ಮಾಡಿಸುವುದು ನನ್ನ ಜವಾಬ್ದಾರಿ. ಎಚ್‌ಆರ್‌ನವರೆಲ್ಲ ಇದನ್ನು ಬಿಜಿವಿ ಅಂತಲೇ ಕರೆಯುವುದು. ಇದಕ್ಕಂತಲೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಂತ ಯಾರ ಬದುಕನ್ನಾದರೂ ಹೇಗೆ ಬೇಕಾದರೂ ಕೆದಕಬಹುದು ಅಂತಲ್ಲ. ನಿಯಮಗಳು ಹಲವು ಕಾಯ್ದೆ, ತೀರ್ಪುಗಳಲ್ಲಿ ಹಂಚಿಹೋಗಿವೆ. ಅವನ್ನು ಓದಿಕೊಂಡು ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಮಾಡಿಕೊಂಡೆ.

ಶುರು ಮಾಡಿದ್ದು ಒಪ್ಪಿಗೆ ಪತ್ರದಿಂದ. ಮೊದಲು ಆಫರ್ ಲೆಟರ್‌ನ ಕೊನೆಯಲ್ಲಿ ಒಂದೇ ಸಾಲು ಇರುತ್ತಿತ್ತು: ‘ನನ್ನ ಬಗ್ಗೆ ಯಾವುದೇ ಮಾಹಿತಿಯನ್ನು ಯಾರಿಂದ ಬೇಕಾದರೂ ಪಡೆಯಬಹುದು.’ ಅದನ್ನು ತೆಗೆಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆ ಒತ್ತಾಯವಿಲ್ಲದೆ, ನಿರ್ದಿಷ್ಟ ಉದ್ದೇಶಕ್ಕೆ, ವಿಷಯ ತಿಳಿದು ಕೊಟ್ಟದ್ದಾಗಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಅಲ್ಲಿವರೆಗೆ ಕಾಯುವ ಅಗತ್ಯ ನನಗೆ ಕಾಣಲಿಲ್ಲ. ಈಗ ನಮ್ಮ ಪತ್ರದಲ್ಲಿ ಯಾವ ದಾಖಲೆ, ಯಾಕೆ, ಯಾವ ಏಜೆನ್ಸಿ ನೋಡುತ್ತದೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ ಅಂತ ಬಿಡಿಬಿಡಿಯಾಗಿ ಬರೆದಿದೆ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಇದನ್ನು ಓದುವ ಅವಕಾಶ ಕೊಡಬೇಕು ಅನ್ನುತ್ತದೆ ಕಾಯ್ದೆ. ಕನ್ನಡದ ಪತ್ರ ಕೊಟ್ಟ ಮೇಲೆ ಜನ ಸುಮ್ನೆ ಸಹಿ ಹಾಕುವುದು ಬಿಟ್ಟು ಪ್ರಶ್ನೆ ಕೇಳತೊಡಗಿದರು. ನನಗೆ ಅದು ತುಂಬಾ ಇಷ್ಟವಾಯಿತು.

‘ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಬೇಡ ಅಂತ ಇದೇ ಕಾಯ್ದೆಯ ಸೆಕ್ಷನ್ 7 ಹೇಳುತ್ತದಲ್ಲ’ ಅಂತ ಕೆಲವರು ವಾದಿಸುತ್ತಾರೆ. ಆದರೆ ಅಭ್ಯರ್ಥಿ ಇನ್ನೂ ನಮ್ಮ ಉದ್ಯೋಗಿಯೇ ಆಗಿಲ್ಲ, ಅಲ್ವಾ? ಒಪ್ಪಿಗೆ ಕೇಳುವುದೇ ಸರಿ ಅಂತ ನನ್ನ ನಿಲುವು.

ಕೆಲವನ್ನು ನಾವು ಕೇಳುವುದೇ ಇಲ್ಲ. ಆಧಾರ್ ಕೊಡಲೇಬೇಕು ಅನ್ನುವುದಿಲ್ಲ. ಪಾಸ್‌ಪೋರ್ಟ್ ಆದರೂ ಸರಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಆದರೂ ಸರಿ. ಕೆಲಸಕ್ಕೆ ಷರತ್ತಾಗಿ ಎಚ್‌ಐವಿ ಪರೀಕ್ಷೆ ಮಾಡಿಸುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ. ಈಗ ಕೆಲಸ ಮಾಡುತ್ತಿರುವ ಕಂಪನಿಗೆ ಅಭ್ಯರ್ಥಿ ಹೇಳುವವರೆಗೆ ಫೋನ್ ಮಾಡುವುದಿಲ್ಲ. ಇದ್ದ ಕೆಲಸವೂ ಹೋದರೆ ಅವರ ಗತಿ ಏನು?

ಜಾಸ್ತಿ ಎಚ್ಚರ ಬೇಕಾದದ್ದು ಕೋರ್ಟ್ ಕೇಸುಗಳ ವಿಷಯದಲ್ಲಿ. ಒಮ್ಮೆ ಏಜೆನ್ಸಿಯವರು ಒಬ್ಬ ಹುಡುಗನ ವರದಿಗೆ ‘ರೆಡ್’ ಹಾಕಿ ಕಳಿಸಿದರು. ಹೊಡೆದಾಟದ ಕೇಸು. ಹೆಸರು, ತಂದೆಯ ಹೆಸರು ಎರಡೂ ತಾಳೆಯಾಗುತ್ತಿದ್ದವು. ಮ್ಯಾನೇಜರ್ ಬೇರೆಯವರನ್ನು ನೋಡೋಣ ಅಂದರು. ನಾನು ವರದಿಯನ್ನು ಹಾಗೇ ಹುಡುಗನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. “ಮೇಡಂ, ಆ ವರ್ಷ ನಾನಿನ್ನೂ ಹೈಸ್ಕೂಲಲ್ಲಿದ್ದೆ.” ಕೋರ್ಟಿನ ವೆಬ್‌ಸೈಟಿನಿಂದ ಆದೇಶದ ಪ್ರತಿ ತೆಗೆದು ನೋಡಿದೆವು. ಮೊದಲ ಪುಟದಲ್ಲೇ ಆರೋಪಿಯ ಹೆಸರಿನ ಕೆಳಗೆ ‘ವಯಸ್ಸು ಸುಮಾರು 45 ವರ್ಷ’ ಅಂತಿತ್ತು. ಏಜೆನ್ಸಿಯವರು ಹೆಸರು ಹುಡುಕಿದ್ದರೇ ಹೊರತು ಆ ಪುಟ ತೆರೆದಿರಲಿಲ್ಲ.

ಕೇಸು ನಿಜವೇ ಆಗಿದ್ದರೆ? ಬಾಕಿ ಇರುವ ಕೇಸು ಅಂದರೆ ಅಪರಾಧ ಸಾಬೀತಾದಂತಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಪ್ರಕರಣದಲ್ಲಿ, ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸು ಮುಚ್ಚಿಟ್ಟಿದ್ದರೂ ಅದನ್ನು ಕ್ಷಮಿಸಬಹುದು ಅಂತ ಹೇಳಿತು. ಅದು ಸರ್ಕಾರಿ ನೌಕರಿಗೆ ಸಂಬಂಧಿಸಿದ ತೀರ್ಪು. ಆದರೂ ನಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ: ಏನು ಕೇಸು, ಎಷ್ಟು ಹಳೆಯದು, ಈ ಕೆಲಸಕ್ಕೂ ಅದಕ್ಕೂ ಏನು ಸಂಬಂಧ.

ಪಿಎಫ್ ದಾಖಲೆಯದ್ದು ಇನ್ನೊಂದು ತಲೆನೋವು. ರಿಲೀವಿಂಗ್ ಲೆಟರ್‌ನಲ್ಲಿ ಒಂದು ತಾರೀಕು, ಪಿಎಫ್‌ನಲ್ಲಿ ಬಿಟ್ಟ ದಿನ ಇನ್ನೊಂದು. ಹಳೆಯ ಕಂಪನಿಯವರು ತಪ್ಪು ದಿನ ತುಂಬಿರುತ್ತಾರೆ, ಸುಳ್ಳುಗಾರನ ಹಣೆಪಟ್ಟಿ ಮಾತ್ರ ಅಭ್ಯರ್ಥಿಗೆ. ಕೇಳಿದರೆ ಕೊನೆಯ ತಿಂಗಳ ಪೇ ಸ್ಲಿಪ್ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಅಮೆರಿಕದಲ್ಲಿ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಇದೆ. ಏಜೆನ್ಸಿಯ ವರದಿ ನೋಡಿ ಯಾರನ್ನಾದರೂ ಬೇಡ ಅನ್ನುವ ಮೊದಲು ಅದರ ಪ್ರತಿಯನ್ನು ಅವರಿಗೆ ಕೊಡಲೇಬೇಕು. ನಮ್ಮ ಹೊಸ ಕಾಯ್ದೆ ಹೀಗೆ ನೇರವಾಗಿ ಹೇಳುವುದಿಲ್ಲ. ಆದರೆ ತನ್ನ ಮಾಹಿತಿ ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಕೊಡುತ್ತದೆ. ಅದಕ್ಕೇ ನಾವು ವರದಿ ಕೊಟ್ಟು 5 ಕೆಲಸದ ದಿನ ಕಾಯುತ್ತೇವೆ. ಉತ್ತರ ಓದಿದ ಮೇಲಷ್ಟೇ ತೀರ್ಮಾನ.

ಕಡೆಗೆ ಉಳಿಯುವುದು ಕಾಗದಪತ್ರ. ಮಾಹಿತಿ ಕಾಪಾಡುವಲ್ಲಿ ಲೋಪವಾದರೆ ₹250 ಕೋಟಿವರೆಗೆ ದಂಡ ಹಾಕಬಹುದು. ತಪ್ಪು ಏಜೆನ್ಸಿಯದ್ದಾದರೂ ಹೊಣೆ ಕೆಲಸ ಕೊಡುವವರದ್ದೇ. ಆಯ್ಕೆಯಾಗದವರ ದಾಖಲೆಗಳನ್ನು ನಾವೂ ಅಳಿಸುತ್ತೇವೆ, ಏಜೆನ್ಸಿಯಿಂದಲೂ ಅಳಿಸಿದ್ದಕ್ಕೆ ಮೇಲ್ ತರಿಸಿಕೊಳ್ಳುತ್ತೇವೆ. ಆ ಮೇಲ್ ಬರದೆ ಅವರ ಬಿಲ್ ಪಾಸ್ ಮಾಡುವುದಿಲ್ಲ.